ಹಳೆಯ ಕಟ್ಟಡ ಬಿಡಿಸುತ್ತಾ ಅದರ ಇತಿಹಾಸ ಕಲಿಯುವುದು ಹೇಗೆ

ಕಟ್ಟಡಗಳ ಇತಿಹಾಸ ಕಲಿಯಬೇಕು ಅಂತ ಹೊರಟವರಲ್ಲಿ ಬಹಳ ಜನ ಮೊದಲು ಶೈಲಿಗಳ ಹೆಸರು ಬಾಯಿಪಾಠ ಮಾಡಲು ಕೂರುತ್ತಾರೆ. ಡೋರಿಕ್, ಅಯಾನಿಕ್, ಕೊರಿಂಥಿಯನ್, ರೊಮಾನೆಸ್ಕ್, ಗಾಥಿಕ್, ನಾಗರ, ದ್ರಾವಿಡ, ವೇಸರ. ಹೆಸರೇನೋ ನೆನಪಿರುತ್ತದೆ. ಆದರೆ ನಿಜವಾದ ಕಟ್ಟಡದ ಮುಂದೆ ನಿಂತಾಗ ಏನು ನೋಡಬೇಕು ಅಂತಲೇ ಹೊಳೆಯುವುದಿಲ್ಲ. ಚಿತ್ರ ಕಲಿಯಲು ಹೊರಟವರ ಕಥೆ ಬೇರೆ. ಅವರು ಸೀದಾ ಹೋಗಿ ಒಂದು ಮೂಲೆಯಲ್ಲಿ ಕೂತು, ಇಡೀ ಕಟ್ಟಡವನ್ನು ಒಂದೇ ಸಲಕ್ಕೆ ಬಿಡಿಸಲು ಶುರು ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ಗೋಪುರದ ತುದಿ ಹಾಳೆಯಿಂದ ಆಚೆ ಹೋಗಿರುತ್ತದೆ, ಕಂಬಗಳು ವಾಲಿರುತ್ತವೆ, ಪುಸ್ತಕ ಮುಚ್ಚಿ ಫೋನ್ ತೆಗೆದು ಫೋಟೋ ಹೊಡೆದುಕೊಂಡು ವಾಪಸ್ ಬರುತ್ತಾರೆ.

ಎರಡನ್ನೂ ಒಟ್ಟಿಗೆ ಕಲಿತರೆ ಎರಡೂ ಸುಲಭವಾಗುತ್ತವೆ. ಒಂದು ಗೆರೆ ಎಳೆಯಬೇಕು ಅಂದರೆ ಈ ಕಂಬ ಎಲ್ಲಿಗೆ ಮುಗಿಯುತ್ತದೆ, ಈ ತೊಲೆ ಯಾವುದರ ಮೇಲೆ ಕೂತಿದೆ, ಈ ಗೋಡೆ ಆ ಗೋಡೆಗೆ ಅಂಟಿಕೊಂಡಿದೆಯಾ ಅಥವಾ ಸುಮ್ನೆ ತಾಗಿಕೊಂಡಿದೆಯಾ ಅಂತ ನೀವು ತೀರ್ಮಾನ ಮಾಡಲೇಬೇಕು. ಫೋಟೋ ತೆಗೆಯುವಾಗ ಈ ಪ್ರಶ್ನೆಗಳು ಬರುವುದೇ ಇಲ್ಲ. ಇವಕ್ಕೆ ಉತ್ತರ ಹುಡುಕುತ್ತಾ ಹೋದರೆ ಇತಿಹಾಸ ತಾನಾಗಿಯೇ ಬರುತ್ತದೆ. ಚಿತ್ರ ಚೆಂದ ಬರುವುದು ಆಮೇಲಿನ ಮಾತು.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಚ್‌ಬಿ ಮತ್ತು 2ಬಿ ಪೆನ್ಸಿಲ್, ರಬ್ಬರ್, ಎ4 ಅಳತೆಯ ಸ್ಕೆಚ್ ಬುಕ್, ಚೌಕುಳಿ ಗೆರೆ ಇರುವ ಒಂದು ನೋಟ್‌ಬುಕ್, ನೀರಿಗೆ ಕರಗದ ಶಾಯಿಯ ಒಂದು ಪೆನ್, ಐದು ಮೀಟರ್ ಟೇಪ್. ಇಷ್ಟು ಸಾಕು. ಸ್ಕೇಲ್ ಮನೆಯಲ್ಲೇ ಇರಲಿ, ಜಾಗದಲ್ಲಿ ಕೂತು ಬಿಡಿಸುವಾಗ ಅದು ಕೈಯನ್ನು ಹಾಳು ಮಾಡುತ್ತದೆ. ಒಂದು ಸಣ್ಣ ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಯಾಕೆಂದರೆ ಕಟ್ಟಡದ ಅತಿ ಮುಖ್ಯವಾದ ಸುಳಿವುಗಳು ಬಹಳಷ್ಟು ಸಲ ತಲೆಯಿಂದ ಐದಾರು ಮೀಟರ್ ಮೇಲೆ ಇರುತ್ತವೆ.

ಮೊದಲ ಕಟ್ಟಡವಾಗಿ ಹೆಸರುವಾಸಿಯಾದದ್ದನ್ನು ಆರಿಸಬೇಡಿ. ಮತ್ತೆ ಮತ್ತೆ ಹೋಗಲು ಆಗುವಂಥ, ಸಣ್ಣದಾದ, ಒಂದೇ ಹಜಾರ ಇರುವ, ಕಂಬವೋ ಕಮಾನೋ ಸಾಲಾಗಿ ಬರುವಂಥ ಹಳೆಯ ಕಟ್ಟಡ ಸಾಕು. ಅದು ಯಾರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ನೋಡುವ ಮೊದಲೇ ಯಾರೋ ಹೇಳಿದ್ದು ತಲೆಯಲ್ಲಿ ಕೂತಿರುವುದಿಲ್ಲ.

ಪ್ಲಾನ್ ಮೊದಲು, ಎಲ್ಲದಕ್ಕಿಂತ ಮೊದಲು

ಮುಂಭಾಗದ ಚಿತ್ರಕ್ಕೆ ಕೈ ಹಾಕುವ ಮೊದಲು ಕಟ್ಟಡದ ಸುತ್ತ ಒಂದು ಸುತ್ತು, ಒಳಗೆ ಒಂದು ಸುತ್ತು ನಡೆಯಿರಿ. ಹೆಜ್ಜೆ ಎಣಿಸಿ. ನಿಮ್ಮ ಒಂದು ಹೆಜ್ಜೆ ಎಷ್ಟು ಉದ್ದ ಅಂತ ಮೊದಲೇ ಟೇಪ್ ಹಿಡಿದು ನೋಡಿಟ್ಟುಕೊಳ್ಳಿ. ಚೌಕುಳಿ ನೋಟ್‌ಬುಕ್‌ನಲ್ಲಿ ಒಂದು ಚೌಕಕ್ಕೆ ಒಂದು ಹೆಜ್ಜೆ ಅಂತ ಲೆಕ್ಕ ಹಾಕಿಕೊಂಡು ಪ್ಲಾನ್ ಬಿಡಿಸಿ. ಪ್ಲಾನ್ ಅಂದರೆ ಕಟ್ಟಡವನ್ನು ನೆಲದಿಂದ ಒಂದು ಮೀಟರ್‌ಗಿಂತ ಸ್ವಲ್ಪ ಮೇಲೆ ಅಡ್ಡಡ್ಡ ಕುಯ್ದು, ಮೇಲಿನ ಭಾಗ ಎತ್ತಿಟ್ಟು, ಕೆಳಗೆ ನೋಡಿದಂತೆ. ಕುಯ್ದ ಗೋಡೆ, ಕುಯ್ದ ಕಂಬ ದಪ್ಪ ಗೆರೆಯಲ್ಲಿ, ನೆಲದ ಮೆಟ್ಟಿಲು, ಕಟ್ಟೆ ತೆಳು ಗೆರೆಯಲ್ಲಿ, ತಲೆಯ ಮೇಲಿರುವ ತೊಲೆ, ಗುಮ್ಮಟ ಚುಕ್ಕಿ ಗೆರೆಯಲ್ಲಿ. ಈ ಚುಕ್ಕಿ ಗೆರೆಗಳನ್ನು ಬಿಡಬೇಡಿ. ಕೆಳಗಿನ ಕಂಬಗಳಿಗೂ ಮೇಲಿನ ಛಾವಣಿಗೂ ಇರುವ ಸಂಬಂಧ ಗೊತ್ತಾಗುವುದು ಅವುಗಳಿಂದಲೇ.

ಪ್ಲಾನ್ ಒಂದರಿಂದಲೇ ಎಷ್ಟೋ ವಿಷಯ ತಿಳಿಯುತ್ತದೆ. ಅಥೆನ್ಸಿನ ಪಾರ್ಥೆನಾನ್ ನೋಡಿ. ಕ್ರಿ.ಪೂ. 447ರಲ್ಲಿ ಕೆಲಸ ಶುರುವಾಗಿ 432ರ ಹೊತ್ತಿಗೆ ಮುಗಿದ ಕಟ್ಟಡ. ಎದುರಿಗೆ 8 ಕಂಬ, ಪಕ್ಕದಲ್ಲಿ 17. ಎಣಿಸಿದರೆ ಎದುರಿನದರ ಎರಡರಷ್ಟಕ್ಕೆ ಒಂದು ಸೇರಿಸಿದ ಲೆಕ್ಕ. ಕಂಬಗಳ ನಡುವಿನ ಅಂತರ ಅಳೆಯುತ್ತಾ ಮೂಲೆಗೆ ಬಂದರೆ ಅಲ್ಲಿ ಅಂತರ ಕಡಿಮೆಯಾಗುತ್ತದೆ, ಮೂಲೆಯ ಕಂಬ ಉಳಿದವುಗಳಿಗಿಂತ ಸ್ವಲ್ಪ ದಪ್ಪ. ಎಲ್ಲ ಕಂಬವೂ ಒಂದೇ ಅಂತ ಅಂದುಕೊಂಡು ಮುಂಭಾಗ ಬಿಡಿಸಿದವರಿಗೆ ಇದು ಕಾಣುವುದೇ ಇಲ್ಲ.

ಪ್ಲಾನ್ ಆದಮೇಲೆ ಸೆಕ್ಷನ್. ಕಟ್ಟಡವನ್ನು ಈ ಸಲ ಮೇಲಿಂದ ಕೆಳಗೆ ಕುಯ್ಯಬೇಕು. ಕಲಿಯುವವರು ಜಾಸ್ತಿ ತಪ್ಪಿಸಿಕೊಳ್ಳುವುದು ಇದನ್ನೇ, ಅತಿ ಹೆಚ್ಚು ಕಲಿಸುವುದೂ ಇದೇ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಹೊರಗಿನಿಂದ ನೋಡಿದರೆ ಒಂದು ದೊಡ್ಡ ಗುಮ್ಮಟ. ಒಳಗೆ ಹೋಗಿ ತಲೆ ಎತ್ತಿದರೂ ಒಂದು ಗುಮ್ಮಟ. ಆದರೆ ಅವೆರಡೂ ಒಂದೇ ಅಲ್ಲ. ಕ್ರಿಸ್ಟಫರ್ ರೆನ್ ಒಳಗಿನವರಿಗೆ ಒಂದು ಇಟ್ಟಿಗೆಯ ಗುಮ್ಮಟ ಕಟ್ಟಿ, ಅದರ ಮೇಲೆ ಇಟ್ಟಿಗೆಯ ಶಂಕು ಎಬ್ಬಿಸಿ, ಆ ಶಂಕುವಿನ ಮೇಲೆ ಭಾರದ ಕಲ್ಲಿನ ಲ್ಯಾಂಟರ್ನ್, ಅಂದರೆ ಗುಮ್ಮಟದ ತುದಿಯ ಪುಟ್ಟ ಗೋಪುರ, ಕೂರಿಸಿ, ಹೊರಗಿನವರಿಗೆ ಕಾಣಲಿ ಅಂತ ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದ ಮೂರನೆಯ ಗುಮ್ಮಟ ಮಾಡಿದ. ಒಳಗೆ ತೀರಾ ಎತ್ತರವಾದರೆ ಬಾವಿಯಲ್ಲಿ ನಿಂತು ಮೇಲೆ ನೋಡಿದ ಹಾಗಾಗುತ್ತದೆ, ಹೊರಗೆ ತಗ್ಗಾದರೆ ಊರಿಗೆ ಕಾಣುವುದಿಲ್ಲ. ಈ ಇಕ್ಕಟ್ಟು ಸೆಕ್ಷನ್ ಬಿಡಿಸದೆ ಅರ್ಥವಾಗುವುದು ಕಷ್ಟ. ರೋಮಿನ ಪ್ಯಾಂಥಿಯನ್‌ಗೂ ಅಷ್ಟೇ. ಗುಮ್ಮಟದ ಒಳವ್ಯಾಸ ಸುಮಾರು 43.3 ಮೀಟರ್, ನೆಲದಿಂದ ನೆತ್ತಿಯ ಕಂಡಿಯವರೆಗಿನ ಎತ್ತರವೂ ಅಷ್ಟೇ. ಸೆಕ್ಷನ್ ಮೇಲೆ ಕೈವಾರ ಇಟ್ಟು ತಿರುಗಿಸಿದರೆ ಪೂರ್ತಿ ವೃತ್ತ ನೆಲಕ್ಕೆ ತಾಗುತ್ತದೆ. ಒಮ್ಮೆ ಬಿಡಿಸಿದರೆ ಈ ಅಳತೆ ಮರೆಯುವುದಿಲ್ಲ.

ಹೇಗೆ ನಿಂತಿದೆ?

ಶೈಲಿಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಲ್ಲು ಮತ್ತು ಇಟ್ಟಿಗೆಯ ಹಳೆಯ ಕಟ್ಟಡಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಕಂಬದ ಮೇಲೆ ಅಡ್ಡ ತೊಲೆ ಇಟ್ಟವು, ಮತ್ತು ಕಮಾನಿನ ಮೇಲೆ ನಿಂತವು.

ಕಲ್ಲಿಗೆ ಒತ್ತುವ ಭಾರ ತಡೆಯುವ ಶಕ್ತಿ ಬಹಳ, ಬಾಗುವ ಶಕ್ತಿ ತೀರಾ ಕಡಿಮೆ. ಉದ್ದ ತೊಲೆ ಇಟ್ಟರೆ ಕೆಳಗಿನ ಮಗ್ಗುಲಲ್ಲಿ ಬಿರುಕು ಬಿಟ್ಟು ಮುರಿಯುತ್ತದೆ. ಆದ್ದರಿಂದಲೇ ತೊಲೆಯ ಕಟ್ಟಡಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಪಾರ್ಥೆನಾನ್ ಆಗಲಿ, ಬೇಲೂರಿನ ಚೆನ್ನಕೇಶವ ಆಗಲಿ, ಈಜಿಪ್ಟಿನ ಕಾರ್ನಾಕ್ ಆಗಲಿ, ಕಾರಣ ಒಂದೇ. ಕಂಬದ ತಲೆಯ ಮೇಲಿನ ಬೋದಿಗೆ ಸುಮ್ನೆ ಅಲಂಕಾರ ಅಂತ ಅಂದುಕೊಳ್ಳಬೇಡಿ. ಅದು ಎರಡೂ ಕಡೆ ಚಾಚಿಕೊಂಡು ತೊಲೆಯ ಆಧಾರವಿಲ್ಲದ ಉದ್ದವನ್ನು ಕಡಿಮೆ ಮಾಡುತ್ತದೆ. ಬಿಡಿಸುವಾಗ ಬೋದಿಗೆಯನ್ನು ಕಂಬಕ್ಕಿಂತ ಎಷ್ಟು ಮುಂದೆ ಚಾಚಿದ್ದಾರೆ ಅಂತ ಗಮನಿಸಿ, ಕೆತ್ತನೆ ಆಮೇಲೆ.

ಕಮಾನು ಈ ಕಷ್ಟವನ್ನು ಬೇರೆ ರೀತಿ ಬಗೆಹರಿಸುತ್ತದೆ. ಸಣ್ಣ ಸಣ್ಣ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ದೊಡ್ಡ ಅಗಲ ದಾಟುತ್ತವೆ. ಆದರೆ ಅದಕ್ಕೆ ಇನ್ನೊಂದು ರಗಳೆ ಇದೆ. ಕಮಾನು ತನ್ನ ಕಾಲುಗಳನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಆ ತಳ್ಳಾಟವನ್ನು ಯಾರು ತಡೆಯುತ್ತಿದ್ದಾರೆ ಅಂತ ಹುಡುಕುವುದೇ ಕಮಾನಿನ ಕಟ್ಟಡ ಓದುವ ಕ್ರಮ. ದಪ್ಪ ಗೋಡೆ ಇರಬಹುದು, ಪಕ್ಕದ ಇನ್ನೊಂದು ಕಮಾನು ಇರಬಹುದು, ಕಬ್ಬಿಣದ ಸಲಾಕೆ ಇರಬಹುದು, ಗಾಥಿಕ್ ಚರ್ಚುಗಳಲ್ಲಿ ಹೊರಗಿನಿಂದ ಊರುಗೋಲು ಕೊಟ್ಟಂತೆ ನಿಂತಿರುವ ಫ್ಲೈಯಿಂಗ್ ಬಟ್ರೆಸ್ ಇರಬಹುದು. ಸೆಕ್ಷನ್ ಮೇಲೆ ಬಾಣದ ಗುರುತು ಹಾಕಿ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅಂತ ತೋರಿಸಿ. ಬಾಣ ಎಲ್ಲೋ ಗಾಳಿಯಲ್ಲಿ ನಿಂತುಬಿಟ್ಟರೆ ನೀವು ಏನೋ ನೋಡಿಲ್ಲ ಅಂತ ಅರ್ಥ.

ಗುಮ್ಮಟದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ. ಕೋಣೆ ಚೌಕ, ಗುಮ್ಮಟ ದುಂಡು. ನಾಲ್ಕು ಮೂಲೆಯಲ್ಲಿ ಏನು ಮಾಡಿದರು? ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ ಮೂಲೆಗಳಲ್ಲಿ ಬಾಗಿದ ತ್ರಿಕೋನಗಳಿವೆ, ಅವನ್ನು ಪೆಂಡೆಂಟಿವ್ ಅಂತಾರೆ. ವಿಜಯಪುರದ ಗೋಲಗುಮ್ಮಟದಲ್ಲಿ ಬೇರೆಯೇ ಉತ್ತರ. 17ನೇ ಶತಮಾನದ ಮಧ್ಯದ ಈ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡದನ್ನು ಚೌಕದ ಮೇಲೆ ಕೂರಿಸಲು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾದುಹೋಗುವಂತೆ ಕಟ್ಟಿದ್ದಾರೆ. ಇದನ್ನು ಪ್ಲಾನಿನಲ್ಲಿ ಬಿಡಿಸಿ ನೋಡಿ. ಒಂದು ಚೌಕ, ಅದರ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ, ನಡುವೆ ಎಂಟು ಮೂಲೆಯ ಜಾಗ. ಹಾಳೆಯ ಮೇಲೆ ಒಂದು ನಿಮಿಷದ ಕೆಲಸ.

ಈ ಚೌಕ ತಿರುಗಿಸುವ ಉಪಾಯವನ್ನು ನೆನಪಿಟ್ಟುಕೊಂಡು ಸೋಮನಾಥಪುರದ ಕೇಶವ ದೇವಾಲಯಕ್ಕೆ ಬನ್ನಿ. ಅದು 13ನೇ ಶತಮಾನದ್ದು, ಹೊಯ್ಸಳರ ಕಾಲ. ಮೂರು ಗರ್ಭಗುಡಿ, ಪ್ರತಿಯೊಂದರ ಹೊರಗೋಡೆಯೂ ಹದಿನಾರು ಮೂಲೆಯ ನಕ್ಷತ್ರದ ಲೆಕ್ಕದ್ದು. ನೋಡಿದರೆ ತಲೆ ತಿರುಗುತ್ತದೆ, ಬಿಡಿಸುವುದು ಹೇಗೆ ಅಂತ ಹೆದರಿಕೆಯಾಗುತ್ತದೆ. ಆದರೆ ಒಂದೇ ಕೇಂದ್ರ ಇಟ್ಟುಕೊಂಡು ಒಂದೇ ಅಳತೆಯ ನಾಲ್ಕು ಚೌಕಗಳನ್ನು 22.5 ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ಹದಿನಾರು ಮೂಲೆ ಬಂದುಬಿಡುತ್ತವೆ. ಗರ್ಭಗುಡಿ ಮುಂದಿನ ಮಂಟಪಕ್ಕೆ ಸೇರುವ ಕಡೆ ಕೆಲವು ಮೂಲೆಗಳು ಇರುವುದಿಲ್ಲ, ಅಷ್ಟನ್ನು ಅಳಿಸಿ. ನಾಲ್ಕು ನೂರು ವರ್ಷ ಅಂತರದ, ಬೇರೆ ಬೇರೆ ಉದ್ದೇಶದ ಎರಡು ಕಟ್ಟಡಗಳಲ್ಲಿ ಒಂದೇ ಜ್ಯಾಮಿತಿ. ಒಂದನ್ನು ನೋಡಿ ಇನ್ನೊಂದು ಮಾಡಿದರು ಅಂತ ಇದರಿಂದ ಹೇಳಲಾಗದು, ಹಗ್ಗ ಮತ್ತು ಗೂಟ ಇದ್ದರೆ ಎಲ್ಲಿ ಬೇಕಾದರೂ ಹುಟ್ಟಬಹುದಾದ ಲೆಕ್ಕ ಇದು. ಆದರೆ ಕಟ್ಟುವವರ ತಲೆ ಹೇಗೆ ಓಡುತ್ತಿತ್ತು ಅನ್ನುವುದಂತೂ ಗೊತ್ತಾಗುತ್ತದೆ.

ಸಾಮಗ್ರಿಯನ್ನೂ ಚಿತ್ರದ ಪಕ್ಕದಲ್ಲೇ ಬರೆದಿಡಿ. ಬೇಲೂರು, ಹಳೇಬೀಡಿನ ಕೆತ್ತನೆ ಅಷ್ಟು ಸೂಕ್ಷ್ಮವಾಗಿರಲು ಬಳಪದ ಕಲ್ಲು ಒಂದು ದೊಡ್ಡ ಕಾರಣ. ಹೊಸದಾಗಿ ತೆಗೆದಾಗ ಮೆತ್ತಗಿರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಹಂಪಿಯ ಗ್ರಾನೈಟಿನಲ್ಲಿ ಅದೇ ಕೆಲಸ ಮಾಡುವುದು ಬಹಳ ಕಷ್ಟ, ಅಲ್ಲಿ ಮೇಲಿನ ಗೋಪುರಗಳು ಇಟ್ಟಿಗೆ ಮತ್ತು ಗಾರೆಯವು. ಶೈಲಿ ಅಂತ ನಾವು ಕರೆಯುವುದರಲ್ಲಿ ಅರ್ಧ ಭಾಗ ಕಲ್ಲಿನ ಸ್ವಭಾವವೇ ಇರುತ್ತದೆ ಅಂತ ನನ್ನ ಅಭಿಪ್ರಾಯ.

ಈಗ ಕೂತು ಬಿಡಿಸಿ

ಇಷ್ಟು ಆದಮೇಲೆ ಕಣ್ಣಿಗೆ ಕಂಡಂತೆ ಬಿಡಿಸಲು ಕೂರಿ. ಮೊದಲು ಹಾಳೆಯ ಮೇಲೆ ಕಣ್ಣಿನ ಮಟ್ಟದ ಗೆರೆ ಎಳೆಯಿರಿ. ಎಲ್ಲ ಗೊಂದಲಕ್ಕೂ ಮದ್ದು ಇದೊಂದೇ. ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಆ ಎತ್ತರದಲ್ಲಿ ಕಟ್ಟಡದ ಮೇಲೆ ಒಂದು ಅಡ್ಡ ಗೆರೆ ಕಲ್ಪಿಸಿಕೊಳ್ಳಿ. ನಿಮ್ಮಿಂದ ದೂರ ಹೋಗುವ ಗೋಡೆಯಲ್ಲಿ ಆ ಗೆರೆಗಿಂತ ಮೇಲಿರುವ ಅಂಚುಗಳೆಲ್ಲ ದೂರ ಹೋಗುತ್ತಾ ಕೆಳಗಿಳಿಯುತ್ತವೆ, ಕೆಳಗಿರುವ ಅಂಚುಗಳು ಮೇಲೇರುತ್ತವೆ, ಎಲ್ಲವೂ ಅದೇ ಗೆರೆಯ ಮೇಲಿನ ಒಂದು ವ್ಯಾನಿಷಿಂಗ್ ಪಾಯಿಂಟ್‌ಗೆ ಹೋಗಿ ಸೇರುತ್ತವೆ. ಆ ಬಿಂದು ಬಹಳಷ್ಟು ಸಲ ಹಾಳೆಯಿಂದ ಆಚೆ ಇರುತ್ತದೆ, ಪರವಾಗಿಲ್ಲ. ಸಮತಟ್ಟಾದ ನೆಲದಲ್ಲಿ ನೀವು ನಿಂತು ಬಿಡಿಸುತ್ತಿದ್ದರೆ ನಿಮ್ಮಷ್ಟೇ ಎತ್ತರದ ಜನ ಎಷ್ಟು ದೂರದಲ್ಲಿದ್ದರೂ ಅವರ ಕಣ್ಣು ಆ ಗೆರೆಯ ಮೇಲೇ ಬರುತ್ತದೆ. ಅಲ್ಲಲ್ಲಿ ಒಂದೆರಡು ಜನರನ್ನು ಹೀಗೆ ಸೇರಿಸಿದರೆ ಕಟ್ಟಡದ ಗಾತ್ರ ತಾನಾಗಿಯೇ ಗೊತ್ತಾಗುತ್ತದೆ.

ಈ ವಿದ್ಯೆಗೂ ಕಟ್ಟಡಕ್ಕೂ ಹಳೆಯ ನಂಟಿದೆ. 15ನೇ ಶತಮಾನದ ಆರಂಭದ ಹೊತ್ತಿಗೆ ಫ್ಲಾರೆನ್ಸಿನಲ್ಲಿ ಫಿಲಿಪ್ಪೊ ಬ್ರುನೆಲೆಸ್ಕಿ ಪರ್ಸ್ಪೆಕ್ಟಿವ್, ಅಂದರೆ ದೂರ ಹೋಗುವ ಗೆರೆಗಳನ್ನು ಹೀಗೆ ಒಂದು ಬಿಂದುವಿಗೆ ಸೇರಿಸಿ ಬಿಡಿಸುವ ಕ್ರಮ, ತೋರಿಸಿಕೊಡಲು ಆರಿಸಿಕೊಂಡದ್ದು ಅಲ್ಲಿನ ಎಂಟು ಮೂಲೆಯ ಬ್ಯಾಪ್ಟಿಸ್ಟ್ರಿ (ಕ್ರೈಸ್ತ ದೀಕ್ಷಾಸ್ನಾನದ) ಕಟ್ಟಡವನ್ನು. ಅದರ ಎದುರಿನ ಕೆಥೆಡ್ರಲ್‌ಗೆ ದೊಡ್ಡ ಗುಮ್ಮಟ ಕಟ್ಟಿದವನೂ ಅವನೇ. ಅಷ್ಟೂ ಅಗಲಕ್ಕೆ ನೆಲದಿಂದ ಸೆಂಟ್ರಿಂಗ್ ನಿಲ್ಲಿಸದೆ ಅದನ್ನು ಎಬ್ಬಿಸಿದ.

ಅಳತೆಗೆ ಪೆನ್ಸಿಲ್ ಸಾಕು. ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ತುದಿಯಿಂದ ಹೆಬ್ಬೆರಳಿನವರೆಗೆ ಯಾವುದಾದರೂ ಒಂದು ಅಳತೆ ಹಿಡಿಯಿರಿ, ಉದಾಹರಣೆಗೆ ಬಾಗಿಲಿನ ಎತ್ತರ. ಇಡೀ ಮುಂಭಾಗದ ಎತ್ತರ ಎಷ್ಟು ಬಾಗಿಲು, ಅಗಲ ಎಷ್ಟು ಬಾಗಿಲು ಅಂತ ಎಣಿಸಿ. ಹಾಳೆಯ ಮೇಲೆ ಮೊದಲು ಆ ದೊಡ್ಡ ಪೆಟ್ಟಿಗೆ ಹಾಕಿ, ತುದಿ ಹೊರಗೆ ಹೋಗುತ್ತಾ ನೋಡಿ, ಆಮೇಲೆ ಒಳಗಿನದು. ಕೆತ್ತನೆಯಿಂದ ಶುರು ಮಾಡಿದ ಚಿತ್ರ ಯಾವತ್ತೂ ಹಾಳೆಯಲ್ಲಿ ಹಿಡಿಸುವುದಿಲ್ಲ.

ಮುಂಭಾಗ ಓರೆಯಾಗಿ ಕಾಣುವಾಗ ನಡುಮಧ್ಯ ಎಲ್ಲಿ? ಆ ಓರೆ ಚೌಕದ ಎರಡು ಕರ್ಣ ಎಳೆಯಿರಿ, ಅವು ಸಂಧಿಸುವಲ್ಲಿ ನೇರ ಗೆರೆ ಎತ್ತಿದರೆ ಅದೇ ನಡು. ಬಾಗಿಲು, ಶಿಖರದ ತುದಿ ಸಾಮಾನ್ಯವಾಗಿ ಅಲ್ಲೇ ಬರುತ್ತದೆ. ಸಾಲುಗಂಬ ದೂರ ಹೋಗುತ್ತಾ ಹತ್ತಿರ ಹತ್ತಿರ ಆಗುತ್ತವೆ, ಎಷ್ಟು ಹತ್ತಿರ ಅಂತ ಅಂದಾಜಿನಲ್ಲಿ ಹಾಕಿದರೆ ತಪ್ಪುತ್ತದೆ. ಮೊದಲ ಎರಡು ಕಂಬ ಸರಿಯಾಗಿ ಹಾಕಿ. ಕಂಬಗಳ ಅರ್ಧ ಎತ್ತರದಲ್ಲಿ ವ್ಯಾನಿಷಿಂಗ್ ಪಾಯಿಂಟ್ ಕಡೆಗೆ ಒಂದು ಗೆರೆ ಎಳೆಯಿರಿ. ಈಗ ಮೊದಲ ಕಂಬದ ತಲೆಯಿಂದ ಎರಡನೆಯ ಕಂಬದ ನಡುಬಿಂದುವಿನ ಮೂಲಕ ಗೆರೆ ಎಳೆದರೆ ಅದು ನೆಲದ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲಿ ಮೂರನೆಯ ಕಂಬ. ಎರಡನೆಯದರಿಂದ ಮೂರನೆಯದರ ಮೂಲಕ ನಾಲ್ಕನೆಯದು. ಇದು ಗೊತ್ತಾದ ದಿನದಿಂದ ಉದ್ದನೆಯ ಪಡಸಾಲೆಗಳ ಭಯ ಹೋಗುತ್ತದೆ.

ಕಮಾನಿಗೆ ಮೊದಲು ಅದರ ಕೇಂದ್ರ ಹುಡುಕಿ. ಅರ್ಧವೃತ್ತದ ಕಮಾನಿಗೆ ಒಂದೇ ಕೇಂದ್ರ, ಚೂಪು ಕಮಾನಿಗೆ ಎರಡು. ಎರಡೂ ಕೇಂದ್ರ ಕಮಾನಿನ ಎರಡು ಕಾಲುಗಳ ಮೇಲೇ ಇದ್ದು, ತ್ರಿಜ್ಯ ಕಮಾನಿನ ಅಗಲದಷ್ಟೇ ಇದ್ದರೆ ಅದು ಸಮಬಾಹು ಕಮಾನು. ಓರೆಯಲ್ಲಿ ಕಾಣುವ ವೃತ್ತಕ್ಕೆ ಮೊದಲು ಓರೆ ಚೌಕ, ಅದರ ಕರ್ಣಗಳು, ಆಮೇಲೆ ನಡುವಿನಿಂದ ಮೂಲೆಗೆ ಹೋಗುವ ದಾರಿಯಲ್ಲಿ ಸುಮಾರು ಹತ್ತರಲ್ಲಿ ಏಳು ಭಾಗಕ್ಕೆ ಒಂದೊಂದು ಚುಕ್ಕಿ. ಓರೆಯಲ್ಲಿ ಆಚೆ ಬದಿಯ ಭಾಗಗಳು ಸ್ವಲ್ಪ ಕುಗ್ಗುತ್ತವೆ, ಅದನ್ನು ಮರೆಯಬೇಡಿ. ವೃತ್ತ ಆ ಚುಕ್ಕಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ದುಂಡು ಕಂಬದಲ್ಲಿ ಕಣ್ಣಿಗಿಂತ ಕೆಳಗಿನ ಬಳೆಗಳು ಕೆಳಮುಖವಾಗಿ ಬಾಗಿರುತ್ತವೆ, ಮೇಲಿನವು ಮೇಲ್ಮುಖವಾಗಿ, ಕಣ್ಣಿನ ಮಟ್ಟದಲ್ಲಿರುವುದು ನೇರ ಗೆರೆ. ಎಲ್ಲ ಬಳೆಯನ್ನೂ ಒಂದೇ ಕಡೆ ಬಾಗಿಸಿದರೆ ಕಂಬ ನೆಲದ ಮೇಲೆ ನಿಲ್ಲುವುದೇ ಇಲ್ಲ.

ಕೆತ್ತನೆ ಜಾಸ್ತಿ ಇರುವ ಗೋಡೆಗೆ ಒಂದೇ ಮಾತು. ಒಂದು ಕಡೆ ಪೂರ್ತಿ ಬಿಡಿಸಿ, ಉಳಿದದ್ದನ್ನು ನೆರಳಿನಲ್ಲಿ ಸೂಚಿಸಿ ಬಿಡಿ. ಹೊಯ್ಸಳ ಗೋಡೆಯ ಆನೆಗಳ ಸಾಲನ್ನು ಪೂರ್ತಿ ಬಿಡಿಸಲು ಹೋದವರು ಆನೆ ಕಲಿಯುತ್ತಾರೆ, ಕಟ್ಟಡ ಕಲಿಯುವುದಿಲ್ಲ. ಅದರ ಬದಲು ಗೋಡೆಯ ಬುಡದಿಂದ ಸೂರಿನವರೆಗಿನ ಅಂಚಿನ ಏರಿಳಿತವನ್ನು, ಪಕ್ಕದಿಂದ ಕಾಣುವಂತೆ, ಒಂದೇ ಗೆರೆಯಲ್ಲಿ ಹಿಡಿಯಲು ನೋಡಿ. ಎಲ್ಲಿ ಚೂಪು, ಎಲ್ಲಿ ದುಂಡು, ಎಲ್ಲಿ ಒಳಕ್ಕೆ ಹೋಗಿ ಕಪ್ಪು ನೆರಳು. ಗ್ರೀಕ್ ಕಟ್ಟಡವಾಗಲಿ ಚಾಲುಕ್ಯರ ಗುಡಿಯ ಅಧಿಷ್ಠಾನ, ಅಂದರೆ ಬುಡದ ಪೀಠವಾಗಲಿ, ಕಾಲ ಗುರುತಿಸಲು ಪರಿಣತರು ನೋಡುವ ಜಾಗಗಳಲ್ಲಿ ಈ ಅಂಚಿನ ಗೆರೆ ಮುಖ್ಯವಾದದ್ದು.

ಫೋಟೋ ಮೇಲೆ ಟ್ರೇಸ್ ಮಾಡಬಹುದಾ? ಮನೆಯಲ್ಲಿ, ಪರ್ಸ್ಪೆಕ್ಟಿವ್ ಗೆರೆಗಳು ಎಲ್ಲಿ ಹೋಗಿ ಸೇರುತ್ತವೆ ಅಂತ ನೋಡಲು, ಖಂಡಿತ ಮಾಡಿ. ಆದರೆ ಫೋನನ್ನು ಮೇಲಕ್ಕೆ ಓರೆ ಮಾಡಿ ತೆಗೆದ ಫೋಟೋದಲ್ಲಿ ಕಂಬಗಳು ಮೇಲೆ ಹೋಗುತ್ತಾ ಒಳಕ್ಕೆ ವಾಲುತ್ತವೆ. ಅದನ್ನೇ ಅಭ್ಯಾಸ ಮಾಡಿದರೆ ಕಣ್ಣು ಕೆಡುತ್ತದೆ.

ಬೆಸುಗೆ ಹುಡುಕಿ

ಹಳೆಯ ಕಟ್ಟಡ ಒಂದೇ ದಿನ ಕಟ್ಟಿದ್ದಲ್ಲ, ಬಹಳಷ್ಟು ಸಲ ಒಂದೇ ಶತಮಾನದ್ದೂ ಅಲ್ಲ. ಕಲ್ಲಿನ ಬಣ್ಣ ಬದಲಾದ ಕಡೆ, ಇಟ್ಟಿಗೆಯ ಸಾಲು ಮುರಿದ ಕಡೆ, ಮುಚ್ಚಿದ ಕಿಟಕಿ, ಅರ್ಧಕ್ಕೆ ನಿಂತ ಅಂಚುಪಟ್ಟಿ, ಇವನ್ನೆಲ್ಲ ಎಲಿವೇಶನ್ (ಗೋಡೆಯನ್ನು ನೇರ ಎದುರಿನಿಂದ ನೋಡಿದಂತೆ ಬಿಡಿಸಿದ ಚಿತ್ರ) ಮೇಲೆ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಯಾವುದು ಯಾವುದರ ಮೇಲೆ ಕೂತಿದೆ ಅಂತ ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುತ್ತದೆ.

ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಎರಡು ಗೋಪುರ ಒಂದರಂತೆ ಒಂದಿಲ್ಲ. ದಕ್ಷಿಣದ್ದು 12ನೇ ಶತಮಾನದ್ದು, ಸಾದಾ. ಉತ್ತರದ್ದರ ತುದಿ 16ನೇ ಶತಮಾನದ ಆರಂಭದ್ದು, ಜಾಲರಿಯಂಥ ಕೆತ್ತನೆ. ನಡುವೆ 1194ರ ಬೆಂಕಿ, ಆಮೇಲೆ ಹೊಸದಾಗಿ ಕಟ್ಟಿದ ಚರ್ಚು. ಮುಂಭಾಗವನ್ನು ಸಮ ಸಮ ಅಂತ ಅಂದುಕೊಂಡು ಒಂದು ಬದಿ ಬಿಡಿಸಿ ಇನ್ನೊಂದು ಬದಿಗೆ ನಕಲು ಮಾಡಿದರೆ ಇಡೀ ಇತಿಹಾಸವೇ ಅಳಿಸಿಹೋಗುತ್ತದೆ, ಅಲ್ವಾ?

ಸ್ಪೇನಿನ ಕಾರ್ಡೋಬಾದ ಹಳೆಯ ಮಸೀದಿಯಲ್ಲಿ ಕಮಾನುಗಳು ಒಂದರ ಮೇಲೊಂದು ಎರಡು ಹಂತದಲ್ಲಿವೆ. ನೋಡಲು ಬಹಳ ಚೆಂದ. ಕಾರಣ ಕೇಳಿದರೆ ಸೆಕ್ಷನ್ ಉತ್ತರ ಹೇಳುತ್ತದೆ. ಹಳೆಯ ಕಟ್ಟಡಗಳ ಕಂಬಗಳನ್ನು ತಂದು ಮತ್ತೆ ಬಳಸಿದ್ದರು, ಅವು ಗಿಡ್ಡ, ಅಷ್ಟು ದೊಡ್ಡ ಹಜಾರಕ್ಕೆ ಎತ್ತರ ಸಾಲದು. ಕಂಬದ ಮೇಲೆ ಇನ್ನೊಂದು ಹಂತ ಎಬ್ಬಿಸಿ ಎತ್ತರ ಮಾಡಿಕೊಂಡರು.

ಶಾಸನವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಪ್ಯಾಂಥಿಯನ್ ಹಣೆಯ ಮೇಲೆ ಇದನ್ನು ಕಟ್ಟಿದವನು ಅಗ್ರಿಪ್ಪ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅಗ್ರಿಪ್ಪ ಕ್ರಿ.ಪೂ. ಒಂದನೇ ಶತಮಾನದವನು. ಆದರೆ ಗೋಡೆಯ ಇಟ್ಟಿಗೆಗಳ ಮೇಲಿನ ಮುದ್ರೆಗಳನ್ನು ನೋಡಿದಾಗ ಈಗಿನ ಕಟ್ಟಡ ಕ್ರಿ.ಶ. ಎರಡನೇ ಶತಮಾನದ್ದು ಅಂತ ಗೊತ್ತಾಯಿತು. ಸುಟ್ಟುಹೋದ ಹಳೆಯದರ ಜಾಗದಲ್ಲಿ ಹೊಸದು ಕಟ್ಟಿ ಹೆಸರು ಮಾತ್ರ ಹಳೆಯದನ್ನೇ ಹಾಕಿದ್ದರು.

ಹಳೆಯ ಫೋಟೋ ಸಿಕ್ಕರೆ ಬಿಡಬೇಡಿ. ಹಂಪಿಯ ಕಲ್ಲಿನ ರಥ ಈಗ ಎಲ್ಲರಿಗೂ ಗೊತ್ತಿರುವ ಆಕಾರ. ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ನಾವು ಪೂರ್ಣ ಅಂತ ಅಂದುಕೊಂಡಿರುವುದು ನಿಜಕ್ಕೂ ತಲೆ ಕಳೆದುಕೊಂಡದ್ದು. ಹಾಗೆಯೇ ಪ್ಯಾರಿಸಿನ ನೋತ್ರ್ ದಾಮ್‌ನಲ್ಲಿ 2019ರ ಏಪ್ರಿಲ್ 15ರಂದು ಉರಿದುಬಿದ್ದ ಚೂಪು ಗೋಪುರ ಮಧ್ಯಯುಗದ್ದಾಗಿರಲಿಲ್ಲ, 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಸೇರಿಸಿದ್ದು.

ಟೇಪ್ ಹಿಡಿದು ಅಳೆಯುವುದು

ಹೆಜ್ಜೆ ಲೆಕ್ಕದ ಪ್ಲಾನ್ ಕೈಗೆ ಬಂದ ಮೇಲೆ ಒಂದು ಸಲವಾದರೂ ಪೂರ್ತಿ ಅಳತೆಯ ಚಿತ್ರ ಮಾಡಿ. ಒಬ್ಬರಿಂದ ಆಗುವುದಿಲ್ಲ, ಇಬ್ಬರು ಬೇಕು. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು, ಎರಡೂ ಕರ್ಣ ಅಳೆಯಿರಿ. ಹಳೆಯ ಕೋಣೆಗಳು ಬಹಳಷ್ಟು ಸಲ ನೇರ ಚೌಕ ಇರುವುದಿಲ್ಲ, ಕರ್ಣ ಇಲ್ಲದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಉದ್ದ ಗೋಡೆಯಲ್ಲಿ ಕಿಟಕಿ, ಕಂಬ, ಬಾಗಿಲು ಒಂದೊಂದನ್ನೂ ಬಿಡಿಬಿಡಿಯಾಗಿ ಅಳೆದು ಕೂಡಿಸಬೇಡಿ. ಟೇಪ್ ಒಂದು ಮೂಲೆಯಲ್ಲೇ ಹಿಡಿದು, ಸೊನ್ನೆಯಿಂದ ಶುರುವಾಗಿ ಓಡುವ ಅಳತೆ ಬರೆದುಕೊಳ್ಳಿ. ಸಣ್ಣ ಸಣ್ಣ ತಪ್ಪು ಒಟ್ಟುಗೂಡುವುದು ಇದರಿಂದ ತಪ್ಪುತ್ತದೆ. ಎತ್ತರ ಸಿಗದ ಕಡೆ ಕಲ್ಲಿನ ಸಾಲು ಎಣಿಸಿ, ಕೈಗೆಟುಕುವ ಸಾಲುಗಳನ್ನು ಅಳೆದು ಲೆಕ್ಕ ಹಾಕಬಹುದು, ಸಾಲುಗಳು ಒಂದೇ ಅಳತೆ ಇದ್ದರೆ ಮಾತ್ರ. ಇಡೀ ಕಟ್ಟಡಕ್ಕೆ 1:100 (ಒಂದು ಮೀಟರ್‌ಗೆ ಹಾಳೆಯಲ್ಲಿ ಒಂದು ಸೆಂಟಿಮೀಟರ್) ಅಥವಾ 1:50, ಬಾಗಿಲಿನ ಚೌಕಟ್ಟು, ಬೋದಿಗೆ ಇಂಥದಕ್ಕೆ 1:10 ಸರಿಹೋಗುತ್ತದೆ. ಕೆಲವು ಸಂರಕ್ಷಿತ ಜಾಗಗಳಲ್ಲಿ ಅಳೆಯಲು ಅನುಮತಿ ಬೇಕಾಗುತ್ತದೆ, ಮೊದಲೇ ಕೇಳಿ. ಕೆತ್ತನೆಯ ಮೇಲೆ ಕಾಗದ ಇಟ್ಟು ಉಜ್ಜುವುದು, ಸೀಮೆಸುಣ್ಣದ ಗುರುತು ಹಾಕುವುದು ಬೇಡ.

ಇಷ್ಟೆಲ್ಲ ಕಷ್ಟಪಟ್ಟು ಅಳೆಯಬೇಕಾ ಅಂತ ಅನಿಸಬಹುದು. ಪಾರ್ಥೆನಾನ್‌ನ ನೆಲ ಮಟ್ಟಸ ಅಂತ ಕಣ್ಣಿಗೆ ಕಾಣುತ್ತದೆ. 1840ರ ದಶಕದಲ್ಲಿ ಫ್ರಾನ್ಸಿಸ್ ಪೆನ್ರೋಸ್ ಅಲ್ಲಿ ಸೂಕ್ಷ್ಮವಾಗಿ ಅಳೆದು, ನೆಲ ನಡುವಿನಲ್ಲಿ ಉಬ್ಬಿರುವುದನ್ನು ಅಂಕಿಯಲ್ಲಿ ತೋರಿಸಿದ. ಉದ್ದ ಬದಿಯಲ್ಲಿ ಉಬ್ಬು ಸುಮಾರು 11 ಸೆಂಟಿಮೀಟರ್. ಸುಮಾರು 70 ಮೀಟರ್ ಉದ್ದಕ್ಕೆ ಅಷ್ಟೇ.

ಓದುವುದು ಯಾವಾಗ?

ಮೊದಲ ಪ್ಲಾನ್ ಮತ್ತು ಸೆಕ್ಷನ್ ಆದಮೇಲೆ. ಮೊದಲೇ ಓದಿದರೆ ಪುಸ್ತಕದಲ್ಲಿ ಇದ್ದದ್ದೇ ಕಾಣುತ್ತದೆ. ಓದುವಾಗ ಯಾರು, ಯಾವಾಗ, ಯಾಕೆ ಬರೆದರು ಅಂತಲೂ ನೋಡಿ. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಭಾರತದ ಕಟ್ಟಡಗಳನ್ನು ಬೌದ್ಧ, ಜೈನ, ಹಿಂದೂ, ಮುಸ್ಲಿಂ ಅಂತ ಧರ್ಮದ ಹೆಸರಲ್ಲಿ ವಿಂಗಡಿಸಿದ. ಆ ವಿಂಗಡಣೆ ಇವತ್ತಿಗೂ ಎಷ್ಟೋ ಕಡೆ ಹಾಗೇ ಮುಂದುವರಿದಿದೆ. ಹಂಪಿಯ ಕಮಲ ಮಹಲಿನ ಮುಂದೆ ನಿಂತರೆ ಅದು ಕೆಲಸಕ್ಕೆ ಬರುವುದಿಲ್ಲ. ಕೆಳಗೆ ಕಮಾನು, ಮೇಲೆ ಗುಡಿಯ ಶಿಖರದಂಥ ಹಂತಹಂತದ ಮಾಡು. ಫರ್ಗುಸನ್‌ಗಿಂತ ಮೊದಲೇ, ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್ ಬೇರೆ ದಾರಿ ಹಿಡಿದಿದ್ದರು. ಸಂಸ್ಕೃತದ ಶಿಲ್ಪಗ್ರಂಥ ಓದಿ, ಅರ್ಥವಾಗದ್ದನ್ನು ಕೆಲಸ ಮಾಡುವ ಶಿಲ್ಪಿಗಳನ್ನು ಕೇಳಿ, ಚಿತ್ರಗಳ ಜೊತೆ ಬರೆದರು. ಅವರು 1833ರಲ್ಲಿ ತೀರಿಕೊಂಡರು, ಬರಹ ಮರುವರ್ಷ ಲಂಡನ್ನಿನಲ್ಲಿ ಅಚ್ಚಾಯಿತು. ಹಳೆಯ ಚಿತ್ರಗಳಲ್ಲೂ ಹೀಗೆಯೇ ತರತಮ ಇದೆ. 18ನೇ ಶತಮಾನದ ಇಟಲಿಯ ಚಿತ್ರಕಾರ ಪಿರಾನೇಸಿಯ ರೋಮಿನ ಚಿತ್ರಗಳು ಮೈ ಜುಮ್ಮೆನಿಸುತ್ತವೆ, ಆದರೆ ಅವುಗಳಲ್ಲಿ ಕಟ್ಟಡಗಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಅಳತೆಗೆ ಅವನ್ನು ನಂಬಬೇಡಿ, ನೆರಳು ಹಾಕುವುದನ್ನು ಕಲಿಯಲು ನೋಡಿ.

ಪ್ರತಿ ಹಾಳೆಯಲ್ಲೂ ದಿನಾಂಕ, ಹೊತ್ತು, ಉತ್ತರ ದಿಕ್ಕಿನ ಬಾಣ, ನೀವು ನಿಂತ ಜಾಗ ಬರೆದಿಡಿ. ಅಳೆದ ಅಂಕಿಯನ್ನೂ ಅಂದಾಜಿನ ಅಂಕಿಯನ್ನೂ ಬೇರೆ ಬೇರೆ ಗುರುತಿನಲ್ಲಿ ತೋರಿಸಿ.

ಒಂದು ಕಟ್ಟಡ ಮುಗಿದ ಮೇಲೆ ಜೋಡಿ ಹುಡುಕಿ. ಒಂದೇ ಅಳತೆಯಲ್ಲಿ, ಒಂದೇ ಹಾಳೆಯಲ್ಲಿ, ಪಕ್ಕ ಪಕ್ಕದಲ್ಲಿ ಎರಡು. ಇದಕ್ಕೆ ಪಟ್ಟದಕಲ್ಲಿನಷ್ಟು ಅನುಕೂಲದ ಜಾಗ ಕಡಿಮೆ. 8ನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಬಗೆಯದು. ಅಲ್ಲೇ ನಡೆದು ಹೋಗುವಷ್ಟು ದೂರದಲ್ಲಿ ಗಳಗನಾಥ, ಒಳಕ್ಕೆ ಬಾಗುತ್ತಾ ಏರುವ ಉತ್ತರದ ಬಗೆಯದು. ಎರಡರ ಹೊರ ಅಂಚನ್ನೂ ಬರೀ ಒಂದೊಂದು ಗೆರೆಯಲ್ಲಿ ಬಿಡಿಸಿ. ಆಮೇಲೆ ಪಾಪನಾಥಕ್ಕೆ ಹೋಗಿ, ಶಿಖರ ಒಂದು ಕಡೆಯದು, ಗೋಡೆಯ ಕೆಲಸದಲ್ಲಿ ಇನ್ನೊಂದು ಕಡೆಯದೂ ಸೇರಿಕೊಂಡಿದೆ. ಯಾವ ಭಾಗ ಯಾವುದಕ್ಕೆ ಹೋಲುತ್ತದೆ ಅಂತ ನಿಮ್ಮ ಎರಡು ಗೆರೆಗಳನ್ನು ಪಕ್ಕದಲ್ಲಿಟ್ಟು ಗುರುತು ಹಾಕಿ.